ಮೀಸೆ ಕಾಣುವ ಮಾನಿಟರ್

ನಮ್ಮ ಹಾಲಿನ ಸಂಘದ ಕಂಪ್ಯೂಟರು ಇರೋದು ಅಧ್ಯಕ್ಷ ಚನ್ನವೀರಪ್ಪನವರ ಮೇಜಿನ ಮೇಲೆ. ಅವರಿಲ್ಲದಾಗ ಗುಮಾಸ್ತೆ ಅದರಲ್ಲಿ ಸಂಘದ ಕೆಲಸ ಮಾಡ್ತಾಳೆ. ಇದ್ದಾಗ ಅವರು ಕಾರ್ ರೇಸ್ ಆಡ್ತಾರೆ. ಹಳೇ ಮಾನಿಟರು ಮಂಕಾಗಿ, ಚಿತ್ರ ತಡೆದು ತಡೆದು ಬರ್ತಿತ್ತು.

“ಹೊಸ ಮಾನಿಟರು ಗೋಡೆಯಷ್ಟು ದೊಡ್ಡದಿರಲಿ. ಬಂದವರು ಬಾಯಿ ಬಿಟ್ಕೊಂಡು ನೋಡಬೇಕು,” ಅಂತ ಅಧ್ಯಕ್ಷರ ಅಪ್ಪಣೆಯಾಯಿತು. ಅಷ್ಟು ದೊಡ್ಡದರ ಮುಂದೆ ಕೂತರೆ ಕುತ್ತಿಗೆ ಹಿಡ್ಕೊಳ್ಳುತ್ತೆ ಅಂತ ಗುಮಾಸ್ತೆಗೆ ಗೊತ್ತು. ಆದರೆ ಅವರಿಗೆ ಎದುರು ಹೇಳೋರು ಯಾರು?

ಮರುದಿನ ಆಕೆ ದೊಡ್ಡ ಟಿವಿಯ ಖಾಲಿ ರಟ್ಟಿನ ಡಬ್ಬ ತಂದು ಅಧ್ಯಕ್ಷರ ಮುಂದೆ ನಿಲ್ಲಿಸಿದಳು.

“ಅಳತೆ ನೋಡೋಕೆ ಸರ್. ಸ್ವಲ್ಪ ಹೊತ್ತು ಹೀಗೇ ಇರಲಿ.”

ನಮ್ಮಲ್ಲಿ ಹಾಲು ಹಾಕಿದವರು ಅಧ್ಯಕ್ಷರಿಗೆ ಕೈಮುಗಿದೇ ಮನೆಗೆ ಹೋಗೋದು. ಅವತ್ತೂ ಬಂದು ಇಣುಕಿದರು. ಡಬ್ಬ ಬಿಟ್ಟರೆ ಏನೂ ಕಾಣಲಿಲ್ಲ.

“ಅಧ್ಯಕ್ಷರು ಬಂದಿಲ್ಲ ಅನ್ಸುತ್ತೆ,” ಅಂತ ಪಕ್ಕದಲ್ಲಿದ್ದ ಗುಮಾಸ್ತೆಗೇ ಕೈಮುಗಿದು ಹೋದರು. ಒಬ್ಬರ ಹಿಂದೆ ಒಬ್ಬರು.

ಕೊನೆಗೆ ಡಬ್ಬದ ಹಿಂದಿನಿಂದ ಮೆತ್ತಗೆ ದನಿ ಬಂತು.

“ಏನಮ್ಮಾ, ನನ್ನ ಮೀಸೆ ಕಾಣೋ ಅಂಥದ್ದು ಸಿಗುತ್ತಾ?”

ಆಕೆ ಟೇಪು ಹಿಡಿದು ಮೇಜಿನಿಂದ ಮೀಸೆವರೆಗೆ ಅಳೆದಳು. ಸಂಜೆ ಮಾನಿಟರ್ ಬಂತು. ಅಕ್ಷರ ಸ್ಪಷ್ಟ, ಕಾರೂ ತಡವರಿಸದೆ ಓಡಿತು, ಮೇಲೆ ಮೀಸೆಯೂ ಪೂರ್ತಿ ಕಂಡಿತು.

ಅದನ್ನು ತಂದ ಅಂಗಡಿಯವನ ಮಾತು ಕೇಳಿ ನಾವು ಬೆರಗಾಗಿ ನಿಂತೆವು.

“ಮೇಡಂ ಇದನ್ನ ನಿನ್ನೆನೇ ತೆಗೆದಿಡೋಕೆ ಹೇಳಿದ್ರು.”