ಒಲೆ ಹಚ್ಚದ ಊರು

ಹೊಳೆಯ ಎರಡು ದಡಕ್ಕೂ ಆಗಿಬರುತ್ತಿರಲಿಲ್ಲ. ಅಜ್ಜಂದಿರ ಕಾಲದ ಜಗಳ. ಯಾಕೆ ಶುರುವಾಯಿತು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಮೂಡಣ ದಡದ ನಾಡಗೌಡ ಹೊನ್ನಯ್ಯನಿಗೆ ಇದು ಸಾಕಾಗಿತ್ತು. ರಾಜಿಯಾಗೋಣ ಎಂದ. ಪಡುವಣ ದಡದವರು ಹೂಂ ಎಂದರು. ಆ ಧೈರ್ಯದ ಮೇಲೆ ಒಂದು ಮದುವೆಯೂ ಆಯಿತು. ಪಡುವಣದ ಹೆಣ್ಣು ಸಾಕಿ ಮೂಡಣದ ಜವರನ ಮನೆ ತುಂಬಿದಳು. ಸಾಕಿಯ ಅಣ್ಣ ಸಣ್ಣೀರ ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯನಾಗಿದ್ದ.

ರಾಜಿಗೆಂದು ಹೊರಟ ಹೊನ್ನಯ್ಯನನ್ನು ಯಾರೋ ದಾರಿಯಲ್ಲೇ ಕಡಿದು ಹಾಕಿದರು. ಯಾರು ಎಂದು ಗೊತ್ತಾಗಲಿಲ್ಲ.

ಸಣ್ಣೀರ ಮೂಡಣಕ್ಕೆ ಹೊನ್ನಯ್ಯನ ಮಣ್ಣಿಗೆ ಹೋಗಿ ಬಂದ. ಗುರುಗಳ ಮುಂದೆ ನಿಂತ.

"ಬುದ್ಧೀ, ಊರಲ್ಲಿ ಒಂದು ಮನೆ ಮೇಲೂ ಹೊಗೆಯಿಲ್ಲ."

ಆ ಸೀಮೆಯಲ್ಲಿ ಸಾವಾದ ಮನೆಯವರು ಸೂತಕ ಕಳೆಯುವ ತನಕ ಒಲೆ ಹಚ್ಚುವಂತಿಲ್ಲ. ಒಲೆ ಉರಿಯುವ ಮನೆಯವರು ದಿನಾ ಅನ್ನ ತಂದು ಬಡಿಸಬೇಕು. ಹೊನ್ನಯ್ಯ ಎಲ್ಲರಿಗೂ ತಂದೆ ಎಂದುಕೊಂಡು ಊರಿಗೆ ಊರೇ ಒಲೆ ಆರಿಸಿ ಕೂತಿತ್ತು. ಇನ್ನು ಬಡಿಸುವವರು ಯಾರು?

"ಮಕ್ಕಳು ಹಸಿದು ಅಳ್ತಾವೆ. ಗಂಡಸರು ಕುಡುಗೋಲು ಮಸೀತಾವ್ರೆ. ಜಗಳ ಎದ್ದರೆ ಆ ಕಡೆ ನಮ್ಮ ಭಾವ, ಈ ಕಡೆ ನಮ್ಮ ಮಾವ. ನಡುವೆ ನನ್ನ ತಂಗಿ."

"ಅದಕ್ಕೆ?"

"ನೀವು ಬಂದು ಶಾಂತಿ ಬಗ್ಗೆ ನಾಲ್ಕು ಮಾತು ಹೇಳಬೇಕು."

"ಹಸಿದವರಿಗಾ?"

ಸಣ್ಣೀರನಿಗೆ ರೇಗಿತು. ಇವರದ್ದು ಯಾವತ್ತೂ ಹೀಗೇ. ನೆಟ್ಟಗೆ ಒಂದು ಉತ್ತರ ಕೊಟ್ಟವರಲ್ಲ.

"ಬೇಡ ಬಿಡಿ. ನಾನೇ ಬೇಯಿಸಿ ಹೊತ್ಕೊಂಡು ಹೋಗ್ತೀನಿ. ನಮ್ಮ ಒಲೆ ಉರೀತಿದೆಯಲ್ಲ."

ದೊಡ್ಡ ಹಂಡೆ ಇಟ್ಟು ಎಸರು ಕಾಯಿಸಿದ. ಅಕ್ಕಿ ತೊಳೆದು ತಂದ. ಅಷ್ಟರಲ್ಲಿ ಗುರುಗಳು ಎದ್ದು ಬಂದರು. ಕೊಡ ಎತ್ತಿ ಒಲೆಗೆ ನೀರು ಸುರಿದುಬಿಟ್ಟರು. ಬೂದಿ ಹಾರಿ ಸಣ್ಣೀರನ ಮುಖಕ್ಕೆ ಮೆತ್ತಿತು.

"ಬುದ್ಧೀ! ಏನು ಮಾಡಿದಿರಿ?"

"ಹೊನ್ನಯ್ಯ ನಮಗೂ ಬೇಕಾದವನು. ನಮಗೂ ಸೂತಕ."

"ಇದ್ದದ್ದೇ ಒಂದು ಒಲೆ. ಅದನ್ನೂ ಆರಿಸಿದಿರಲ್ಲ! ಇನ್ನು ಎಲ್ಲಿ ಉರೀತಿದೆ ಒಲೆ?"

ಗುರುಗಳು ಪಡುವಣ ದಡದ ಕಡೆ ನೋಡಿದರು. ಅಲ್ಲಿ ಮನೆಮನೆಯ ಮೇಲೂ ಹೊಗೆ ಏಳುತ್ತಿತ್ತು.

ಸಣ್ಣೀರ ಗೊಣಗಿಕೊಂಡೇ ಹರಿಗೋಲು ಹತ್ತಿದ.

ಪಡುವಣದ ಯಜಮಾನ ಕಾಳೇಗೌಡ ಅವನ ಸೋದರಮಾವ. ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ.

"ಏನಯ್ಯಾ, ಮುಖಕ್ಕೆಲ್ಲ ಬೂದಿ? ಪೂರ್ತಿ ಸನ್ಯಾಸಿಯಾಗಿಬಿಟ್ಟೆಯಾ?"

"ಮಾವ, ಮೂಡಣಕ್ಕೆ ಅನ್ನ ಕಳಿಸಿ."

ಕಾಳೇಗೌಡನ ಕೈ ನಿಂತಿತು.

"ತಗೊಂಡು ಹೋದರೆ ಕೊಂದದ್ದು ನಾವೇ ಅಂತ ಒಪ್ಪಿಕೊಂಡ ಹಂಗಾಗುತ್ತೆ."

"ಹೋಗದಿದ್ರೆ?"

"ಆಗಲೂ ನಾವೇ ಅಂತಾರೆ. ಅವರೇ ಬಾಯಿಬಿಟ್ಟು ಕೇಳಲಿ. ಆಮೇಲೆ ನೋಡೋಣ."

ಸಣ್ಣೀರ ಮೂಡಣಕ್ಕೆ ಹುಟ್ಟು ಹಾಕಿದ. ತಂಗಿಯ ಗಂಡ ಜವರ ಬಾಗಿಲಲ್ಲೇ ಕುಡುಗೋಲು ಹಿಡಿದು ನಿಂತಿದ್ದ.

"ಭಾವ, ಒಂದು ಮಾತು ಕೇಳಿದರೆ ಅವರು ಅನ್ನ ಕೊಡ್ತಾರೆ."

"ಸತ್ತ ಮನೆಯವರು ಅನ್ನ ಕೇಳೋದುಂಟಾ? ಬೇಕಾದರೆ ಅವರೇ ತರಲಿ. ಅದರಲ್ಲಿ ವಿಷ ಇಲ್ಲ ಅಂತ ಯಾರು ಹೇಳ್ತಾರೆ?"

ಜವರನ ಹಿಂದೆ ಸಾಕಿ ನಿಂತಿದ್ದಳು. ತುಟಿ ಒಣಗಿತ್ತು.

"ಅಣ್ಣಾ, ನನ್ನ ತವರಿನ ಅನ್ನಕ್ಕೆ ವಿಷ ಅಂತಾರೆ. ನಾನು ಇಲ್ಲಿ ಹೆಂಗೆ ಬಾಳಲಿ?"

ಸಣ್ಣೀರ ಹರಿಗೋಲಿಗೆ ವಾಪಸಾದ. ಆಶ್ರಮಕ್ಕೆ ಬಂದು ಹುಟ್ಟನ್ನು ನೆಲಕ್ಕೆ ಬಿಸಾಕಿದ.

"ಸಾಕಾಯ್ತು ಬುದ್ಧೀ. ಅವರು ಕೇಳಲಿ ಅಂತ ಇವರು, ಇವರು ತರಲಿ ಅಂತ ಅವರು. ಎರಡು ದಡಕ್ಕೂ ಬೆಂಕಿ ಬೀಳಲಿ."

"ಹರಿಗೋಲು ತೂತಾಗಿದೆಯಾ?"

"ಇಲ್ಲ."

"ಹಂಗಾದ್ರೆ ಹೋಗು."

ಸಣ್ಣೀರ ಹಣೆ ಚಚ್ಚಿಕೊಂಡ. ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಸಾವಿನ ಮನೆಯಲ್ಲಿ ಹಸಿವು ಸುಮ್ಮನಿರುವುದಿಲ್ಲ. ಅದಕ್ಕೆ ನಾಚಿಕೆಯಿಲ್ಲ. ಹೊಟ್ಟೆ ಹಿಡಿದುಕೊಂಡೇ ಮತ್ತೆ ಪಡುವಣಕ್ಕೆ ಹೋದ.

"ಮತ್ತೆ ಬಂದೆಯಾ? ಅವರು ಕೇಳಿದ್ರಾ?" ಎಂದ ಕಾಳೇಗೌಡ.

ಸಣ್ಣೀರನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅವರು ಕೇಳಲ್ಲ ಮಾವ! ನಾನು ಕೇಳ್ತಿದ್ದೀನಿ. ಆಶ್ರಮದ ಒಲೆನೂ ಆರಿದೆ. ನನಗೂ ಸೂತಕ. ರಾಜಿನೂ ಬೇಡ, ಶಾಂತಿನೂ ಬೇಡ. ಹೊಟ್ಟೆ ಹಸಿದಿದೆ. ಅನ್ನ ಹಾಕ್ತೀರೋ ಇಲ್ಲವೋ?"

ಒಳಗಿನಿಂದ ಅತ್ತೆ ದೇವೀರಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಹೊಟ್ಟೆಗೆ ಕೇಳೋ ಹುಡುಗನ ಹತ್ರ ಏನ್ರೀ ನಿಮ್ಮ ಪಂಚಾಯ್ತಿ? ಬಾರೋ ಒಳಗೆ."

"ಇಲ್ಲಿ ಉಣ್ಣಲ್ಲ ಅತ್ತೆ. ಸೂತಕದವರ ಜೊತೆ ಕೂತು ಉಣ್ತೀನಿ."

ದೇವೀರಮ್ಮ ಅವನನ್ನೇ ನೋಡಿದಳು. ಮೂಡಣ ದಡ ನೋಡಿದಳು. ಆಮೇಲೆ ಬೀದಿಗಿಳಿದು ಒಂದೊಂದೇ ಬಾಗಿಲು ತಟ್ಟಿದಳು.

ಹರಿಗೋಲಿನ ತುಂಬ ಪಾತ್ರೆಗಳಾದವು. ದೇವೀರಮ್ಮ ಹತ್ತಿ ಕೂತಳು. ಕೊನೆಗೆ ಕಾಳೇಗೌಡನೂ ಬಂದು ಹತ್ತಿದ. ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡ.

"ಚೆಲ್ಲೀತು, ನೆಟ್ಟಗೆ ಹುಟ್ಟು ಹಾಕೋ ದರಿದ್ರದವನೇ."

ಮೂಡಣದಲ್ಲಿ ಯಾರೂ ಬನ್ನಿ ಎನ್ನಲಿಲ್ಲ. ಗುಂಪಿನಿಂದ ಒಬ್ಬ ಕೂಗಿದ: "ಕೊಂದು ಉಣ್ಣಿಸೋಕೆ ಬಂದ್ರಾ?"

ಕಾಳೇಗೌಡನ ಕತ್ತಿನ ನರ ಉಬ್ಬಿತು. ಬಾಯಿ ತೆರೆದ. ದೇವೀರಮ್ಮ ಕಣ್ಣು ಬಿಟ್ಟಳು. ಬಾಯಿ ಮುಚ್ಚಿದ.

ಹೊನ್ನಯ್ಯನ ಹೆಂಡತಿ ಚೆಲುವಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಗಂಡ ಕೂರುತ್ತಿದ್ದ ಮಣೆಯನ್ನು ಇನ್ನೂ ಯಾರೂ ಎತ್ತಿರಲಿಲ್ಲ. ಅವಳು ಅದರ ಪಕ್ಕದಲ್ಲಿ ಬರೀ ನೆಲದ ಮೇಲಿದ್ದಳು.

ದೇವೀರಮ್ಮ ಎಲೆ ಹಾಕಿ ಬಡಿಸಿದಳು. ಎದುರಿಗೆ ಸಣ್ಣೀರ ಕೂತ. ಅವನೇ ಮೊದಲು ಕಲಸಿ ಗಬಗಬ ತಿಂದ. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.

ಚೆಲುವಮ್ಮ ಒಂದು ತುತ್ತು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ನುಂಗಿದಳು.

"ಸಾರಿಗೆ ಉಪ್ಪು ಕಡಿಮೆ" ಎಂದಳು.

ದೇವೀರಮ್ಮನ ಮುಖ ಕೆಂಪಾಯಿತು. "ಅವಸರದಲ್ಲಿ ಮಾಡಿದ್ದು ಕಣಮ್ಮ."

ಸಾಕಿ ಬಂದು ದೇವೀರಮ್ಮನ ಕೈಯಿಂದ ಸೌಟು ತಗೊಂಡಳು. ಜವರ ಕುಡುಗೋಲು ಕೆಳಗಿಡಲಿಲ್ಲ. ಇನ್ನೊಂದು ಕೈಯಲ್ಲಿ ಎಲೆ ಒಡ್ಡಿದ.

ಹೊತ್ತು ಮುಳುಗುವಾಗ ಸಣ್ಣೀರ ಆಶ್ರಮಕ್ಕೆ ಬಂದ. ಗುರುಗಳಿಗೆಂದು ತಂದ ಅನ್ನ, ಸಾರನ್ನು ಮುಂದಿಟ್ಟ. ತಡೆಯಲಾಗದೆ ಶುರುಮಾಡಿದ.

"ಯಾರೂ ಯಾರ ಕೈನೂ ಹಿಡೀಲಿಲ್ಲ. ಕೊಂದವನು ಯಾರು ಅಂತ ಗೊತ್ತಾಗಲಿಲ್ಲ. ಮಾವ ಬೈಕೊಂಡೇ ಬಂದ, ಬೈಕೊಂಡೇ ಹೋದ. ನನ್ನ ರಟ್ಟೆ ಬಿದ್ದುಹೋಯ್ತು. ಅಷ್ಟೆಲ್ಲ ಹೊತ್ಕೊಂಡು ಹೋದರೆ ಆ ಗೌಡತಿ ಅಂದದ್ದೇನು? ಸಾರಿಗೆ ಉಪ್ಪು ಕಡಿಮೆಯಂತೆ! ಇದಕ್ಕೆ ಶಾಂತಿ ಅಂತಾರಾ ಬುದ್ಧೀ?"

ಗುರುಗಳು ಸಾರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

"ನಾಳೆ ಸರಿಯಾಗಿ ಹಾಕೋಕೆ ಹೇಳು."