ತಂತಿ ಮುಗಿದ ಕಡೆ

ಕಲ್ಲಹಟ್ಟಿ ಸ್ಟೇಷನ್ನಿಗೆ ದಿನವೂ ರೈಲು ತರುತ್ತಿದ್ದ ಎಳೆಯ ಕರೆಂಟ್ ಇಂಜಿನ್ನಿಗೆ ಒಂದೇ ಕುತೂಹಲ. ಕರೆಂಟಿನ ತಂತಿ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಬೋಗಿಗಳನ್ನು ಮುದಿ ಡೀಸೆಲ್ ಇಂಜಿನ್ ಎಳೆದೊಯ್ಯುತ್ತಿದ್ದ.

"ಅಜ್ಜ, ತಂತಿ ಮುಗಿದ ಮೇಲೆ ಲೋಕವೂ ಮುಗಿಯಬೇಕಲ್ಲ? ನೀವು ದಿನಾ ಹೋಗುವುದಾದರೂ ಎಲ್ಲಿಗೆ?"

"ಊರಿಗೆ," ಎಂದ ಡೀಸೆಲಜ್ಜ.

"ತಂತಿಯಿಲ್ಲದ ಊರೇ? ಹೊಗೆ ನಿಮ್ಮ ತಲೆಗೇರಿದೆ!"

ಒಂದು ದಿನ ಕರೆಂಟ್ ಇಂಜಿನ್ ಕೆಟ್ಟಿತು. ಗುಡ್ಡದಾಚೆಯ ದೂರದ ವರ್ಕ್‌ಶಾಪಿಗೆ ಹೋಗಲೇಬೇಕಾಯಿತು. ತಂತಿ ಹಿಡಿಯುವ ಕೈಯನ್ನು ನೆತ್ತಿಯ ಮೇಲೆ ಮಡಚಿಕೊಂಡು ಅಜ್ಜನ ಬೆನ್ನು ಹಿಡಿದು ಹೊರಟಿತು. ಸುರಂಗ ದಾಟಿತು, ಸೇತುವೆ ದಾಟಿತು, ಮೂರು ಊರು ದಾಟಿತು. ಊರೂರಲ್ಲೂ ಜನ ಹತ್ತಿದರು, ಇಳಿದರು.

"ತಂತಿ ಎಳೆಯುವವರು ಇಲ್ಲಿಗೇಕೆ ಬರಲಿಲ್ಲ, ಅಜ್ಜ?"

"ಬಯಲಲ್ಲಿ ಎಳೆಯುವುದು ಸುಲಭ, ಮಗು. ಎರಡೂ ಕಡೆಯಿಂದ ಬಂದು ಗುಡ್ಡದ ಬುಡದಲ್ಲಿ ನಿಂತಿದ್ದಾರೆ."

ಗುಡ್ಡ ಇಳಿದರೆ ಮತ್ತೆ ತಂತಿ! ಅದರಡಿ ನಿಂತಿದ್ದ ಇನ್ನೊಂದು ಕರೆಂಟ್ ಇಂಜಿನ್ ಕಣ್ಣರಳಿಸಿ ಕೇಳಿತು:

"ಎಲ್ಲಿಂದ ಉದುರಿದೆ ಮಾರಾಯ? ಲೋಕ ಇಲ್ಲಿಗೇ ಮುಗಿಯುತ್ತದಲ್ಲ!"

"ಅಜ್ಜನನ್ನು ಕೇಳು," ಎಂದಿತು ಇದು, ತಲೆ ತಗ್ಗಿಸಿ.

ಅಜ್ಜ ಆಗಲೇ, ಬೋಗಿಗಳ ತುಂಬ ಜನರನ್ನು ಎಳೆದುಕೊಂಡು, ಲೋಕವೇ ಇಲ್ಲದ ಕಡೆಗೆ ವಾಪಸು ಹೊರಟಿದ್ದ.