ಮೇಣ ತುಂಬಿದ ತೂತು

"ಗುರುಗಳೇ, ನಿಮ್ಮ ಬದುಕಿನ ಹೊತ್ತಗೆ ಮುಗಿಯುತ್ತ ಬಂದಿದೆ. ಕಾಲರಾ ಬಂದ ವರ್ಷದ ಒಂದು ಸಂಗತಿ ಮಾತ್ರ ಉಳಿದಿದೆ. ಅದನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಕೇಳಿದ.

ಆ ಸಂಗತಿ ಸೀಮೆಗೆಲ್ಲ ಗೊತ್ತಿದ್ದದ್ದೇ. ಐವತ್ತು ವರ್ಷದ ಹಿಂದೆ ಊರಿಗೆ ಕಾಲರಾ ಬಂದಾಗ ಒಬ್ಬ ತಾಯಿ ಕಾಯಿಲೆಯ ಮಗಳನ್ನು ಹೆಗಲಿಗೆ ಹಾಕಿಕೊಂಡು ಮಠದ ಬಾಗಿಲಿಗೆ ಬಂದಳು. ಒಳಗಿನಿಂದ ಅಗಳಿ ಬಿತ್ತು. ತಾಯಿ ಮಗಳು ಇಬ್ಬರೂ ಮೆಟ್ಟಿಲ ಮೇಲೆಯೇ ಸತ್ತರು. ಅಗಳಿ ಹಾಕಿದವನು ಕಾವಲಿನವನು ಎಂದು ಜನ ಹೇಳಿದರು. ಆಮೇಲೆ ಅವನ ಮನೆಯ ನೀರನ್ನು ಯಾರೂ ಮುಟ್ಟಲಿಲ್ಲ. ಅವನು ಊರು ಬಿಟ್ಟು ಹೋಗಿ ಎಲ್ಲೋ ಸತ್ತ.

"ಉಳಿದದ್ದೆಲ್ಲ ಚೆನ್ನಾಗಿ ಕೂತಿದೆ," ಎಂದ ಶಿಷ್ಯ. "ಇದೊಂದು ಎಲ್ಲಿಯೂ ಕೂರುತ್ತಿಲ್ಲ. ತಪ್ಪು ಮಾಡಿದವನು ಕಾವಲಿನವನು, ಅವನೂ ಈಗಿಲ್ಲ. ಇದನ್ನು ಬಿಟ್ಟರೆ ಹೊತ್ತಗೆಯಲ್ಲಿ ಎಲ್ಲಿಯೂ ಕುಂದು ಕಾಣುವುದಿಲ್ಲ."

ಗುರುಗಳು ಹಾಳೆಗಳನ್ನು ತಿರುವಿ ನೋಡಿದರು. "ನಿನ್ನ ಅಕ್ಷರ ಮುತ್ತಿನಂತಿದೆ. ನನ್ನನ್ನೂ ಮುತ್ತು ಮಾಡಿಬಿಟ್ಟಿದ್ದೀಯ," ಎಂದರು. ಹಾಳೆಗಳನ್ನು ಬದಿಗಿಟ್ಟು, "ಒಂದು ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಸತ್ತವನಿಗೆ ಮಾತ್ರ ಹೆಸರಿದೆ. ಬದುಕಿದವರ ಹೆಸರು ಕಟ್ಟಿಕೊಂಡು ನಿನಗೇನೂ ಆಗಬೇಕಾದದ್ದಿಲ್ಲ," ಎಂದು ಶುರುಮಾಡಿದರು.

ಒಂದು ಪಟ್ಟಣದಲ್ಲಿ ಒಬ್ಬ ಅಚ್ಚುಗಾರನಿದ್ದ. ನೆಲದಡಿ ಸಿಕ್ಕ ಹಳೆಯ ಎಲುಬುಗಳಿಗೆ, ಕಲ್ಲಾಗಿ ಹೋದ ತಲೆಬುರುಡೆಗಳಿಗೆ ನಕಲು ಮಾಡುವುದು ಅವನ ಕಸುಬು. ಮೂಲವನ್ನು ಬೀಗ ಹಾಕಿ ಇಡುತ್ತಾರೆ. ಮಕ್ಕಳು ಕೈಯಲ್ಲಿ ಹಿಡಿದು ಕಲಿಯುವುದು ನಕಲನ್ನು. ಆನೆಗಿಂತ ದೊಡ್ಡ ಪ್ರಾಣಿಯ ದವಡೆ, ಬಾಗಿ ನಡೆಯುತ್ತಿದ್ದ ಮನುಷ್ಯನ ಪೂರಾ ಅಸ್ಥಿಪಂಜರ, ಹೀಗೆ ಯಾವ ಶಾಲೆಗೆ ಏನು ಬೇಕಾದರೂ ಅವನ ಕೈಯಿಂದಲೇ ಹೋಗಬೇಕಾಗಿತ್ತು. ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಬಂದವರು ಯಾರಾದರೂ ಬಾಯಿತಪ್ಪಿ, "ಇವೆಲ್ಲಾ ನಕಲಿ ಏನ್ರೀ?" ಎಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಕಲಿ ಅಲ್ರೀ, ನಕಲು. ನಕಲಿನಾಗ ಮೂಲದ ಕುಂದೂ ಇರ್ತೈತಿ. ನಕಲಿಯೊಳಗ ಕುಂದ ಇರೂದಿಲ್ಲ. ಇಷ್ಟ ಫರಕು," ಎನ್ನುತ್ತಿದ್ದ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ಹೇಳಿ ಹೇಳಿ ಅದರ ಅರ್ಥವನ್ನೇ ಮರೆತಿದ್ದ.

ಅವನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಬುರುಡೆಯಲ್ಲಿ ತೂತಿದ್ದರೆ ಅಚ್ಚು ತೆಗೆಯುವ ಮೊದಲು ಅದಕ್ಕೆ ಮೇಣ ತುಂಬಬೇಕು. ತುಂಬದಿದ್ದರೆ ಅಚ್ಚಿಗೆ ಹೊಯ್ದ ರಬ್ಬರು ತೂತಿನೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಬಿಡಿಸುವಾಗ ಮೂಲವೇ ಒಡೆಯುತ್ತದೆ. ಆಮೇಲೆ ಅಚ್ಚಿನಿಂದ ನಕಲು ಹೊರಬಂದಾಗ, ಮೇಣವಿದ್ದ ಜಾಗದಲ್ಲಿ ಉಳಿ ಹಿಡಿದು ತೂತನ್ನು ಮತ್ತೆ ತೆರೆಯಬೇಕು. ಮುಚ್ಚುವುದು ಅರ್ಧ ಕೆಲಸ, ತೆರೆಯುವುದು ಇನ್ನರ್ಧ. ಇದನ್ನು ಅವನು ಕಸುಬಿಗೆ ಸೇರಿದ ಮೊದಲ ವಾರವೇ ಕಲಿತಿದ್ದ.

ಪಟ್ಟಣಕ್ಕೆ ಹತ್ತು ಹರಿದಾರಿಯ ಮೇಲೆ ಒಂದು ಸುಣ್ಣದಕಲ್ಲಿನ ಗಣಿಯಿತ್ತು. ಅಲ್ಲಿ ಹಿಂದೆಯೂ ಕಲ್ಲಾದ ಪ್ರಾಣಿಗಳ ಎಲುಬು ಸಿಕ್ಕಿದ್ದವು. ಒಂದು ದಿನ ಹಳೆಯ ಗುಂಡಿಯ ಅಂಚು ಕುಸಿದು ಒಂದು ಮನುಷ್ಯನ ಬುರುಡೆ ಹೊರಬಿತ್ತು. ಸುಣ್ಣದ ನೀರು ಇಳಿದು ಇಳಿದು ಅದರ ಮೇಲೆ ಕಲ್ಲಿನ ಪೊರೆ ಕಟ್ಟಿತ್ತು. ಒಬ್ಬ ವಿದ್ವಾಂಸ ಬಂದು ನೋಡಿದ. ಅವನು ಇಂಥದೊಂದು ಬುರುಡೆಗಾಗಿ ತನ್ನ ವಯಸ್ಸೆಲ್ಲ ಕಾದವನು. ಹೆಚ್ಚು ಪರೀಕ್ಷೆಗೆ ಹೋಗಲಿಲ್ಲ. "ಹತ್ತು ಸಾವಿರ ವರ್ಷದ್ದು," ಎಂದುಬಿಟ್ಟ. ಪತ್ರಿಕೆಗಳಲ್ಲಿ ಅವನ ಚಿತ್ರ ಬಂತು. ಬುರುಡೆ ಅಚ್ಚುಗಾರನ ಕೈಗೆ ಬಂತು.

ಬುರುಡೆಯ ಹಿಂಬದಿಯಲ್ಲಿ ಎರಡು ಬೆರಳು ಹೋಗುವಷ್ಟು ತೂತಿತ್ತು. ಅದರ ಅಂಚು ಒಳಕ್ಕೆ ಮುರಿದಿತ್ತು. ಅಚ್ಚುಗಾರ ಎಷ್ಟೋ ಬುರುಡೆಗಳನ್ನು ಕಂಡವನು. ಇದು ಏಟಿನ ಗುರುತು ಎಂದು ಬೆರಳಿಟ್ಟ ಕೂಡಲೇ ಅವನಿಗೆ ಗೊತ್ತಾಯಿತು. ಹತ್ತು ಸಾವಿರ ವರ್ಷದ ಹಿಂದಿನ ಜಗಳ ಕಟ್ಟಿಕೊಂಡು ತನಗೇನು ಎಂದುಕೊಂಡ. ಮೇಣ ತುಂಬಿದ, ಅಚ್ಚು ತೆಗೆದ, ಮೊದಲ ನಕಲನ್ನು ಎರೆದ.

ನಕಲು ಅದ್ಭುತವಾಗಿ ಬಂತು. ಹಲ್ಲಿನ ಒಂದೊಂದು ಸೀಳೂ ಮೂಡಿತ್ತು. ಒಂದು ಗುಳ್ಳೆಯಿರಲಿಲ್ಲ. ಅಚ್ಚುಗಾರ ಉಳಿ ಎತ್ತಿಕೊಂಡ. ನಕಲನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಥ ನುಣುಪಾದ ಕೆಲಸಕ್ಕೆ ಉಳಿ ಇಡಲು ಅವನಿಗೆ ಮನಸ್ಸೇ ಬರಲಿಲ್ಲ. ನಾಳೆ ತೆರೆದರಾಯಿತು ಎಂದು ಉಳಿ ಕೆಳಗಿಟ್ಟ. ಮರುದಿನ ವಿದ್ವಾಂಸ ಬಂದು ನೋಡಿದವನು, "ಹಿಂಗ ಇರ್ಲಿ ಬಿಡ್ರಿ. ತೂತು ಕಂಡ್ರ ಹುಡುಗೂರು ಅಂಜತಾವ," ಎಂದ. ಅಚ್ಚುಗಾರನಿಗೆ ಬೇಕಾಗಿದ್ದದ್ದೂ ಅದೇ. ನಕಲಿನ ಬುಡದಲ್ಲಿ ತನ್ನ ಹೆಸರು ಕೊರೆದ. ಅದೇ ಅಚ್ಚಿನಿಂದ ಇನ್ನೂ ನೂರು ತೆಗೆದು, ಅವುಗಳಲ್ಲೂ ಹೆಸರು ಕೊರೆದು, ನೂರು ಶಾಲೆಗಳಿಗೆ ಕಳಿಸಿದ.

ಮರುವರ್ಷ ಮೂಲವನ್ನಿಟ್ಟಿದ್ದ ಉಗ್ರಾಣಕ್ಕೆ ಬೆಂಕಿ ಬಿತ್ತು. ಏನೂ ಉಳಿಯಲಿಲ್ಲ. "ಇನ್ನ ನಿಮ್ಮ ನಕಲ ಮೂಲ ಆತು ನೋಡ್ರಿ," ಎಂದು ಜನ ಅಚ್ಚುಗಾರನಿಗೆ ಹೇಳಿದರು. ಅವನು ಉಬ್ಬಿಹೋದ. ಈಗ ಹೇಳುವಾಗಲೂ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ.

ಗಣಿಯ ಪಕ್ಕದ ಹಳ್ಳಿಯ ಶಾಲೆಗೂ ಒಂದು ನಕಲು ಹೋಗಿತ್ತು. ಗಾಜಿನ ಕಪಾಟಿನಲ್ಲಿಟ್ಟು, ಕೆಳಗೆ 'ನಮ್ಮ ನೆಲದ ಮೊದಲ ಮನುಷ್ಯ' ಎಂದು ಬರೆದಿದ್ದರು. ಮಕ್ಕಳು ಅದನ್ನು ಅಜ್ಜ ಎಂದು ಕರೆಯುತ್ತಿದ್ದರು. ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಒಬ್ಬ ಹೆಂಗಸಿದ್ದಳು. ಶನಿವಾರಕ್ಕೊಮ್ಮೆ ಕಪಾಟು ತೆಗೆದು ಅಜ್ಜನ ಧೂಳು ಒರೆಸುವುದೂ ಅವಳ ಕೆಲಸವಾಗಿತ್ತು.

ಅವಳಿಗೆ ಒಬ್ಬ ತಮ್ಮನಿದ್ದ. ಹೆಸರು ಹುಲಗಪ್ಪ. ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ಒಮ್ಮೆ ಗಣಿಯಲ್ಲಿ ಇಬ್ಬರು ಬಂಡೆಯಡಿ ಸಿಕ್ಕಿ ಸತ್ತರು. ಗಣಿಯ ಒಡೆಯ ಅದನ್ನು ಮುಚ್ಚಿಟ್ಟ. ಹುಲಗಪ್ಪ ಊರಿಗೆ ಬಂದು ಎಲ್ಲರೆದುರು ಹೇಳಿದ. ಒಂದು ವಾರದಲ್ಲಿ ಅವನೇ ಕಾಣೆಯಾದ. ಆಗ ಅವನಿಗೆ ಇಪ್ಪತ್ತೆರಡು. ಯಾರದೋ ಹೆಂಡತಿಯನ್ನು ಕರೆದುಕೊಂಡು ಓಡಿಹೋದ ಎಂದು ಒಡೆಯನ ಕಡೆಯವರು ಸುದ್ದಿ ಹಬ್ಬಿಸಿದರು. ಅವನ ತಾಯಿ ಆ ಸುದ್ದಿಯನ್ನೇ ನಂಬಿಕೊಂಡು, ಮಗನಿಗೆ ಹಿಡಿಶಾಪ ಹಾಕುತ್ತ ಸತ್ತಳು. ಅಕ್ಕ ಮಾತ್ರ ನಂಬಲಿಲ್ಲ. ನಂಬದೆ ಇಪ್ಪತ್ತೈದು ವರ್ಷ ಕಳೆದಳು.

ಗಣಿಯಲ್ಲಿ ಹುಲಗಪ್ಪನ ಜೊತೆಗಾರನಾಗಿದ್ದ ಒಬ್ಬ ಮುದುಕ ಹಾಸಿಗೆ ಹಿಡಿದ. ಸಾಯುವ ಮೊದಲು ಅವಳನ್ನು ಕರೆಸಿದ. ಅವನ ಹೆಂಡತಿಯೂ ಅಲ್ಲೇ ಇದ್ದಳು. "ನಿನ್ನ ತಮ್ಮ ಓಡಿ ಹೋಗಿಲ್ಲವ್ವಾ. ಹಿಂದಿಂದ ಹಾರೀಲೆ ಹೊಡದ್ರು. ತಲಿ ಹಿಂಬದಿ ಒಡದು ಹೋತು. ಸಾಲ್ಯಾಗಿನ ಅಜ್ಜ ಸಿಕ್ಕಾನಲ್ಲ, ಅದ ಗುಂಡ್ಯಾಗ ಹೂತಾರ. ನಾನೂ ಮಣ್ಣ ಎಳದೀನಿ," ಎಂದ.

ಮರುದಿನ ಶಾಲೆ ಶುರುವಾಗುವ ಮೊದಲೇ ಅವಳು ಕಪಾಟು ತೆರೆದಳು. ಬುರುಡೆಯ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿತ್ತು. ಅದರ ತುದಿ ಮುರಿದಿತ್ತು. ಹುಲಗಪ್ಪ ಚಿಕ್ಕವನಿದ್ದಾಗ ಬಾವಿಕಟ್ಟೆಯ ಮೇಲೆ ಬಿದ್ದು ಮುರಿದುಕೊಂಡ ಹಲ್ಲು ಅದು. ಆಗ ಅವನ ಬಾಯಿಯ ರಕ್ತ ತೊಳೆದವಳು ಅವಳೇ. ಈಗ ಮೂರು ವರ್ಷದಿಂದ ಅದೇ ಹಲ್ಲಿನ ಧೂಳು ಒರೆಸುತ್ತಿದ್ದವಳೂ ಅವಳೇ.

ಅವಳು ನಕಲನ್ನು ಸೆರಗಿನಲ್ಲಿ ಸುತ್ತಿಕೊಂಡು ಅಧಿಕಾರಿಯ ಬಳಿಗೆ ಹೋದಳು. ಅಷ್ಟರಲ್ಲಿ ಮುದುಕ ಸತ್ತಿದ್ದ. ಅವನ ಹೆಂಡತಿ ಬಂದು, ಗಂಡ ಹೇಳಿದ್ದನ್ನು ಹೇಳಿದಳು. ವಿಚಾರಣೆ ಕೂತಿತು. ಅಕ್ಕ ಕೇಳಿದ್ದು ಒಂದೇ: ತಮ್ಮ ಓಡಿಹೋಗಲಿಲ್ಲ, ಅವನನ್ನು ಕೊಂದರು ಎಂದು ಬರೆದುಕೊಡಿ. ಗಣಿಯ ಒಡೆಯನನ್ನು ಕರೆಸಿದರು. ಅವನು ದನಿ ಏರಿಸಲಿಲ್ಲ. "ಸಾಹೇಬರ, ಅಂಥಾ ಹಲ್ಲಿನವರು ಊರಿಗೆ ಹತ್ತು ಮಂದಿ ಅದಾರ. ತಲಿ ಹಿಂದ ಹೊಡದ್ರು ಅಂತಾರ. ಬುರುಡಿ ನಿಮ್ಮ ಮುಂದ ಐತಿ. ಏಟು ಎಲ್ಲೈತಿ?" ಎಂದ. ಅಧಿಕಾರಿ ಬುರುಡೆಯ ಹಿಂಬದಿಗೆ ಕೈಯಾಡಿಸಿದ. ನುಣ್ಣಗಿತ್ತು. ಏಟಿಗೆ ಸಾಕ್ಷಿ ತರಲು ಅವಳಿಗೆ ಒಂದು ವಾರದ ಗಡುವು ಕೊಟ್ಟ.

ಅವಳು ಬುರುಡೆಯ ಬುಡದಲ್ಲಿದ್ದ ಹೆಸರನ್ನು ಮೇಷ್ಟರಿಂದ ಓದಿಸಿಕೊಂಡು ಪಟ್ಟಣಕ್ಕೆ ಬಂದಳು. ನಕಲನ್ನು ಅಚ್ಚುಗಾರನ ಮುಂದಿಟ್ಟಳು.

"ಯಪ್ಪಾ, ಇದು ನಿನ್ನ ಕೈಯಾಗ ಬಂದಾಗ ಹಿಂದ ತೂತು ಇತ್ತೇನು?"

ಇರಲಿಲ್ಲ ಎಂದಿದ್ದರೆ ಅವನ ಹೆಸರು ಉಳಿಯುತ್ತಿತ್ತು. ಅಷ್ಟು ಕೆಟ್ಟವನಲ್ಲ ಅವನು. ಬುರುಡೆಯನ್ನು ತಿರುಗಿಸಿ ಹಿಂಬದಿ ಮುಟ್ಟಿ, "ಇತ್ತವ್ವಾ. ನಾನ ಮುಚ್ಚೀನಿ," ಎಂದ.

ವಿಚಾರಣೆಯ ದಿನ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ. ಮೂಲದಲ್ಲಿ ಎರಡು ಬೆರಳಿನ ತೂತಿತ್ತು, ಮೇಣ ತುಂಬಿದೆ, ಆಮೇಲೆ ತೆರೆಯಲಿಲ್ಲ ಎಂದ. ಗಣಿಯ ಒಡೆಯನ ವಕೀಲ ಎದ್ದು ನಿಂತು, "ನಿಮ್ಮ ಉದ್ಯೋಗ ಏನ್ರೀ?" ಎಂದು ಕೇಳಿದ.

"ನಕಲು ಮಾಡೂದು."

"ನಕಲಿ ಮಾಡೂದು ಅನ್ರಿ."

ಕೂತವರು ನಕ್ಕರು. ಅಚ್ಚುಗಾರನಿಗೆ ಎಂದಿನಂತೆ ಮೈ ಉರಿಯಿತು. "ನಕಲಿ ಅಲ್ರೀ. ನಕಲಿನಾಗ ಮೂಲದ ಕುಂದೂ..." ಎಂದು ಶುರುಮಾಡಿದ. ಎದುರಿಗೆ ಮೇಜಿನ ಮೇಲೆ ಬುರುಡೆಯಿತ್ತು. ಮಾತು ಮುಗಿಸದೆ ಕೂತುಬಿಟ್ಟ.

ವಿದ್ವಾಂಸನನ್ನೂ ಕರೆಸಿದ್ದರು. ತೂತಿನ ನೆನಪಿಲ್ಲ ಎಂದ. ನೆನಪಾಗಿದ್ದರೆ ಅವನ ಹತ್ತು ಸಾವಿರ ವರ್ಷ ಇಪ್ಪತ್ತೈದಕ್ಕೆ ಇಳಿಯುತ್ತಿತ್ತು. ಅವನು ತೆಗೆಸಿದ್ದ ಚಿತ್ರಗಳಲ್ಲೆಲ್ಲ ಬುರುಡೆ ಮುಂದಕ್ಕೆ ಮುಖ ಮಾಡಿತ್ತು. ಮೂಲ ಸುಟ್ಟು ಬೂದಿಯಾಗಿತ್ತು. ಆ ಹಳೆಯ ಗುಂಡಿಯನ್ನೂ ಒಡೆಯ ಎಂದೋ ಒಡೆಸಿ ಕಲ್ಲು ಸಾಗಿಸಿದ್ದ. ಅಧಿಕಾರಿ ಕಡತ ಮುಚ್ಚಿದ. ಗಣಿಯ ಒಡೆಯ ಎಲ್ಲರಿಗೂ ಕೈಮುಗಿದು ಕಾರು ಹತ್ತಿದ.

ಅಚ್ಚುಗಾರ ಊರಿಗೆ ಹೋಗಿ ಮೂರು ದಿನ ಬಾಗಿಲು ಹಾಕಿಕೊಂಡು ಕೂತ. ತನ್ನ ಬಳಿಯೇ ಇಟ್ಟುಕೊಂಡಿದ್ದ ಮೊದಲ ನಕಲನ್ನು ತೆಗೆದು ಅದಕ್ಕೆ ಉಳಿ ಹಿಡಿದ. ಬೆರಳಿಗಿದ್ದ ನೆನಪಿನಿಂದ ತೂತನ್ನು ತೆರೆದ. ಎರಡು ಬೆರಳಿನಷ್ಟು ಅಗಲ, ಒಳಕ್ಕೆ ಮುರಿದ ಅಂಚು, ಎಲ್ಲವೂ ಇದ್ದ ಹಾಗೆಯೇ ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಳ್ಳಿಗೆ ಹೋದ. ಅವಳು ಶಾಲೆಯ ಹಿಂದೆ ಒಲೆಯ ಮುಂದೆ ಕೂತಿದ್ದಳು.

"ಇದನ್ನ ಮಣ್ಣ ಮಾಡವ್ವಾ. ನಿನ್ನ ತಮ್ಮಂದು ಹಿಂಗ ಇತ್ತು," ಎಂದು ಮುಂದಿಟ್ಟ.

ಅವಳು ಬಟ್ಟೆ ಬಿಚ್ಚಿ ನೋಡಿದಳು. ತೂತಿನೊಳಗೆ ಎರಡು ಬೆರಳಿಟ್ಟಳು. ಆಮೇಲೆ ಬಟ್ಟೆ ಸುತ್ತಿ ಅವನ ಕೈಗೇ ಕೊಟ್ಟಳು.

"ಈ ತೂತು ನೀ ಕೊರದದ್ದು, ಯಪ್ಪಾ. ಅವರು ಹೊಡದದ್ದು ಇದಲ್ಲ," ಎಂದಳು.

ಅಚ್ಚುಗಾರ ಅದನ್ನು ಹೊತ್ತುಕೊಂಡು ಹಿಂದಿರುಗಿದ. ಅವತ್ತಿನಿಂದ ಅವನು ಕೆಲಸ ಮುಟ್ಟಲಿಲ್ಲ ಎನ್ನುತ್ತಾರೆ. ಅದರಿಂದ ಯಾರಿಗೇನು ಬಂತು? ವಿಚಾರಣೆ ಮುಗಿದ ಮೇಲೆ ಶಾಲೆಯ ನಕಲು ಮತ್ತೆ ಶಾಲೆಗೇ ಬಂತು. ಈಗಲೂ ಅದು ಆ ಕಪಾಟಿನಲ್ಲಿದೆ. ಈಗಲೂ ಶನಿವಾರ ಅವಳೇ ಧೂಳು ಒರೆಸುತ್ತಾಳೆ. ಮಕ್ಕಳು ಅಜ್ಜ ಎನ್ನುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

"ತಿಳಿಯಿತು ಗುರುಗಳೇ, ಬಿಡುವುದಿಲ್ಲ. ಕಾವಲಿನವನು ಅಗಳಿ ಹಾಕಿದ ಸಂಗತಿಯನ್ನು ಇದ್ದಂತೆಯೇ ಬರೆಯುತ್ತೇನೆ," ಎಂದು ಶಿಷ್ಯ ಹೊಸ ಹಾಳೆ ತೆಗೆದುಕೊಂಡ.

ಗುರುಗಳು ಅವನ ಲೇಖನಿ ಹಾಳೆಗೆ ತಾಗುವವರೆಗೆ ಕಾದರು.

"ಅಗಳಿ ಹಾಕಿದ್ದು ಕಾವಲಿನ ಮಡಿವಾಳಯ್ಯನಲ್ಲ, ನಾನು; ಈ ಮೂಲವೂ ಸುಟ್ಟುಹೋಗುವ ಮೊದಲು ಬರೆದುಕೋ."